ಆ ‘ದ್ದರೆ’ ತೆಗೆಸಿ ಅಂದೆ

ಹೋದ ತಿಂಗಳು ಒಂದು ರಾತ್ರಿ ಫೋನ್ ಬಂತು. ನಮ್ಮ ಧಾರವಾಡ ಕಡೆಯ ಹುಡುಗಿ. ಓದಲು ಪುಣೆಗೆ ಬಂದು ಇನ್ನೂ ವರ್ಷ ಆಗಿಲ್ಲ. ಮೊದಲು ಮಳೆ, ಮೆಸ್ಸಿನ ಊಟ, ಬಸ್ಸು ಅಂತ ಏನೇನೋ ಮಾತಾಡಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾದಳು. ಕೊನೆಗೆ ಕೇಳಿದಳು: “ಅಕ್ಕಾ, ಕಮಿಟಿಗೆ ದೂರು ಕೊಟ್ಟರೆ ಎಲ್ಲಾ ದೊಡ್ಡದಾಗುತ್ತಾ? ವಿಚಾರಣೆ ಇಲ್ಲದೇ ಮಾತಾಡಿ ಬಗೆಹರಿಸೋ ದಾರಿನೂ ಇದೆಯಂತಲ್ಲ. ನೀವು ಅದನ್ನೇ ಮಾಡಿದ್ರಿ ಅಲ್ವಾ?”

ಹೌದು, ಲೈಂಗಿಕ ಕಿರುಕುಳದ ದೂರು ಕೊಟ್ಟು ಅದನ್ನೇ ಮಾಡಿದೆ. ಅವಳಿಗೆ ಎರಡು ತಾಸು ಹೇಳಿದೆ. ಫೋನ್ ಇಟ್ಟ ಮೇಲೆ ಇದನ್ನು ಕನ್ನಡದಲ್ಲಿ ಬರೆದಿಡಬೇಕು ಅನಿಸಿತು. ನಾನು ದಾರಿ ಹುಡುಕುತ್ತಿದ್ದಾಗ ನನ್ನ ಕೈಗೆ ಕನ್ನಡದಲ್ಲಿ ಓದಲು ಏನೂ ಸಿಕ್ಕಿರಲಿಲ್ಲ.

ಯಾವ ವಿಶ್ವವಿದ್ಯಾಲಯ, ಯಾವ ವಿಭಾಗ, ಯಾವ ವರ್ಷ ಅಂತ ಬರೆಯುವುದಿಲ್ಲ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿನ ವಿವರ, ಹೆಸರು, ಸಂಧಾನದಲ್ಲಿ ನಡೆದ ಮಾತು ಯಾವುದನ್ನೂ ಬಹಿರಂಗ ಮಾಡುವಂತಿಲ್ಲ. ಯಾರ ಗುರುತೂ ಸಿಗದ ಹಾಗೆ, ನ್ಯಾಯ ಸಿಕ್ಕಿತು ಎಂಬುದನ್ನು ಹೇಳಬಹುದು. ಅದಕ್ಕೇ ಇಲ್ಲಿ ಕೆಲವು ವಿವರ ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ನನಗೆ ಆದದ್ದನ್ನು ಮಾತ್ರ ಬದಲಿಸಿಲ್ಲ.

ಪಿಎಚ್‌ಡಿಗೆ ಸೀಟು ಸಿಕ್ಕಿ ಪುಣೆಗೆ ಬಂದಾಗ ನನಗೆ ಇಲ್ಲಿ ಯಾರೂ ಗೊತ್ತಿರಲಿಲ್ಲ. ಸ್ವಾರಗೇಟ್‌ನಲ್ಲಿ ಬಸ್ಸಿಳಿದ ಬೆಳಗ್ಗೆ ನನ್ನ ಟ್ರಂಕ್ ಎತ್ತಲು ಬಂದವನು, ಆಮೇಲೆ ನಾನು ಯಾರ ಮೇಲೆ ದೂರು ಕೊಟ್ಟೆನೋ ಅವನೇ. ನನಗಿಂತ ಮೂರು ವರ್ಷ ಸೀನಿಯರ್. ನಮ್ಮೂರಿಂದ ಅವನ ಊರಿಗೆ ಒಂದು ತಾಸಿನ ದಾರಿ. ರೂಮು ಹುಡುಕಿಕೊಟ್ಟ. ಯಾವ ಕಿರಾಣಿ ಅಂಗಡಿಯಲ್ಲಿ ಒಳ್ಳೆ ಜೋಳದ ಹಿಟ್ಟು ಸಿಗುತ್ತದೆ ಅಂತ ತೋರಿಸಿದ. ಹೊರಗಿನ ಊರಲ್ಲಿ ಹಿಂದಿನಿಂದ ಯಾರೋ “ಏನ್ರೀ, ಊಟ ಆತೇನ್ರೀ” ಅಂದರೆ ಜೀವಕ್ಕೆ ಎಷ್ಟು ಹಿತ ಅಂತ ಊರು ಬಿಟ್ಟವರಿಗೆ ಗೊತ್ತು. ನಾವು ಇಪ್ಪತ್ತು ಜನ ಕನ್ನಡದವರ ಒಂದು ಗುಂಪಿತ್ತು. ಭಾನುವಾರ ಯಾರದಾದರೂ ರೂಮಿನಲ್ಲಿ ರೊಟ್ಟಿ ಬಡಿಯುವುದು, ಗಣೇಶನಗರದ ಕನ್ನಡ ಸಂಘದಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಒಟ್ಟಿಗೆ ಹೋಗುವುದು. ನನಗೆ ಪುಣೆ ಅಂದರೆ ಅದೇ ಆಗಿತ್ತು.

ಮೊದಲ ಐದಾರು ತಿಂಗಳು ಎಲ್ಲಾ ಸರಿ ಇತ್ತು. ಆಮೇಲೆ ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಶುರುವಾಯಿತು. ನಾನು ಬೇಡ ಅಂದೆ. ಸ್ಪಷ್ಟವಾಗಿಯೇ ಅಂದೆ. ಅಲ್ಲಿಂದ ಅವನ ಮಾತಿನ ಧಾಟಿ ಬದಲಾಯಿತು. ಲ್ಯಾಬಿಗೆ ಬಂದು ನನ್ನ ಬಟ್ಟೆ, ನನ್ನ ನಡಿಗೆ ಬಗ್ಗೆ ಮಾತಾಡುತ್ತಿದ್ದ. ಲೈಬ್ರರಿ ಮುಚ್ಚುವ ತನಕ ಬಾಗಿಲ ಹೊರಗೆ ನಿಂತಿರುತ್ತಿದ್ದ. ಗುಂಪಿನ ಹುಡುಗರ ಹತ್ತಿರ ನಮ್ಮಿಬ್ಬರ ಬಗ್ಗೆ ಇಲ್ಲದ್ದನ್ನು ಹೇಳಿದ್ದ. ಮೈ ಮುಟ್ಟಲಿಲ್ಲ. ಆದರೆ ನನ್ನ ಸುತ್ತಲಿನ ಜಾಗವನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡ.

ಎಲ್ಲವೂ ಕನ್ನಡದಲ್ಲೇ ನಡೆಯುತ್ತಿತ್ತು, ಅದೇ ನನಗೆ ಜಾಸ್ತಿ ಸಂಕಟ. ಪಕ್ಕದಲ್ಲಿ ಹತ್ತು ಜನ ಕೂತಿದ್ದರೂ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅವನು ನಗುನಗುತ್ತಾ ಹೇಳುತ್ತಿದ್ದ. ನೋಡಿದವರಿಗೆ ಊರ ಕಡೆಯ ಇಬ್ಬರು ಹರಟುತ್ತಿದ್ದಾರೆ ಅನಿಸಬೇಕು, ಹಾಗೆ. ನಿಧಾನಕ್ಕೆ ನಾನು ಭಾನುವಾರದ ರೊಟ್ಟಿಗೆ ಹೋಗುವುದು ಬಿಟ್ಟೆ. ಬಸ್ಸಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಎದೆ ಢವಢವ ಅನ್ನುತ್ತಿತ್ತು. ಅವ್ವನ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಕನ್ನಡ ಆಡದೇ ಎರಡು ತಿಂಗಳು ಕಳೆದಿದ್ದೇನೆ.

ವಿಭಾಗದಲ್ಲಿ ಒಬ್ಬ ಹಿರಿಯರಿಗೆ ಹೇಗೋ ಗೊತ್ತಾಯಿತು. ನಮ್ಮಿಬ್ಬರನ್ನೂ ಒಂದೇ ಕ್ಯಾಬಿನ್‌ಗೆ ಕರೆದರು. ಚಹಾ ತರಿಸಿದರು. “ಮಿಟವೂನ್ ಟಾಕಾ” ಅಂದರು. ಮರಾಠಿಯಲ್ಲಿ ಹಾಗಂದರೆ ಬಗೆಹರಿಸಿಕೊಳ್ಳಿ ಅಂತ. ಅಳಿಸಿಹಾಕಿ ಅಂತಲೂ ಆಗುತ್ತದೆ. ಒಂದೇ ರಾಜ್ಯದವರು, ಸಣ್ಣ ವಯಸ್ಸು, ತಪ್ಪು ತಿಳಿವಳಿಕೆ, ಕೈ ಕುಲುಕಿ ಅಂದರು. ನಾನು ಕೈ ಕುಲುಕಿದೆ. ಹದಿನೈದು ನಿಮಿಷದಲ್ಲಿ ಮುಗಿಯಿತು. ನನ್ನನ್ನು ಏನಾಯಿತು ಅಂತ ಯಾರೂ ಕೇಳಲೇ ಇಲ್ಲ. ಮುಂದಿನ ವಾರ ಮತ್ತೆ ಮೆಸೇಜ್ ಬಂತು: ನೋಡಿದ್ಯಾ, ಏನಾತು?

ಈ ಘಟನೆಯನ್ನು ಇಲ್ಲಿ ಹೇಳಲು ಕಾರಣ ಇದೆ. ಮಾತಾಡಿ ಬಗೆಹರಿಸುವುದು ಅಂದರೆ ಇದೇ ಅಂತ ನಾನು ಬಹಳ ದಿನ ನಂಬಿದ್ದೆ. ಫೋನ್ ಮಾಡಿದ ಹುಡುಗಿಯ ಮನಸ್ಸಿನಲ್ಲೂ ಇದೇ ಚಿತ್ರ ಇತ್ತು.

ಆಫೀಸಿನ ನೋಟಿಸ್ ಬೋರ್ಡಿನಲ್ಲಿ ಆಂತರಿಕ ದೂರು ಸಮಿತಿಯ ಹೆಸರುಗಳಿದ್ದವು. ಎಲ್ಲರೂ ಅದನ್ನು ಐಸಿಸಿ ಅನ್ನುತ್ತಾರೆ. ಆ ಪಟ್ಟಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಲೇಬೇಕು ಅಂತ ಕಾನೂನಿದೆ. ನಾನು ದಿನಾ ಅದರ ಮುಂದೆಯೇ ಓಡಾಡುತ್ತಿದ್ದೆ, ನಿಂತು ಓದಿದ್ದು ಅವತ್ತೇ. ಕೊನೆಯ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನನಗೆ ಅವಧಿಯ ಚಿಂತೆ ಇರಲಿಲ್ಲ, ಕೊನೆಯ ಮೆಸೇಜ್ ಹಿಂದಿನ ವಾರದ್ದೇ ಇತ್ತು. ದೂರಿನ ಆರು ಪ್ರತಿ, ಮೆಸೇಜುಗಳ ಪ್ರಿಂಟ್, ಸಾಕ್ಷಿಗಳ ಹೆಸರು ಎಲ್ಲಾ ಜೋಡಿಸಿದೆ. ಝೆರಾಕ್ಸ್ ಅಂಗಡಿಯವನು ಓದುತ್ತಾನೇನೋ ಅಂತ ಹೆದರಿ ಪ್ರತಿ ಹಾಳೆಯನ್ನೂ ನಾನೇ ಯಂತ್ರದ ಮೇಲೆ ಮಗುಚಿಟ್ಟೆ.

ಗುಂಪಿಗೆ ಸುದ್ದಿ ಹೋಯಿತು. “ನಮ್ಮವನೇ ಅಲ್ವಾ, ಅವನ ಭವಿಷ್ಯ ನೋಡು” ಅಂದರು. ಒಬ್ಬಳು ಇನ್ನೊಂದು ಮಾತು ಹೇಳಿದಳು: ಸಾಬೀತಾಗದಿದ್ದರೆ ನಿನಗೇ ಶಿಕ್ಷೆ. ಈ ಮಾತು ಎಷ್ಟೋ ಹುಡುಗಿಯರ ಬಾಯಿ ಕಟ್ಟಿದೆ. ಅದು ಸುಳ್ಳು. ಬೇಕೆಂದೇ ಕೆಟ್ಟ ಉದ್ದೇಶದಿಂದ ಸುಳ್ಳು ದೂರು ಕೊಟ್ಟರೆ ಕ್ರಮ ಇದೆ, ನಿಜ. ಆದರೆ ಸಾಕ್ಷಿ ಸಾಲದೇ ಹೋಯಿತು ಅನ್ನುವುದಷ್ಟೇ ಕಾರಣಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಬೇಕಾಗಿಲ್ಲ ಅಂತ 14ನೇ ಸೆಕ್ಷನ್‌ನಲ್ಲೇ ಬರೆದಿದೆ.

ಸಮಿತಿಯ ಅಧ್ಯಕ್ಷರು ಒಬ್ಬ ಹಿರಿಯ ಪ್ರೊಫೆಸರ್. ಹೆಂಗಸೇ ಇರಬೇಕು ಅನ್ನುವುದು ನಿಯಮ. ಅವರ ಜೊತೆ ಪುಣೆಯಲ್ಲಿ ಮಹಿಳೆಯರ ನಡುವೆ ಬಹಳ ವರ್ಷ ಕೆಲಸ ಮಾಡಿದ ಹೊರಗಿನ ಸದಸ್ಯೆ ಒಬ್ಬರು ಇದ್ದರು. ನನ್ನ ಕೈ ನಡುಗುತ್ತಿತ್ತು. ಅದನ್ನು ನೋಡಿ ಆ ಸದಸ್ಯೆ ತಕ್ಷಣ ದೂರಿನ ವಿಷಯ ಎತ್ತಲಿಲ್ಲ. ಬೇರೆ ಕಥೆ ಹೇಳಿದರು. 1992ರಲ್ಲಿ ರಾಜಸ್ಥಾನದಲ್ಲಿ ಭಂವರಿ ದೇವಿ ಎಂಬ ಸಾಥಿನ್, ಅಂದರೆ ಸರ್ಕಾರದ ಮಹಿಳಾ ಯೋಜನೆಯ ಕಾರ್ಯಕರ್ತೆ, ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ ಅವಳ ಮೇಲೆ ಅತ್ಯಾಚಾರ ಆಯಿತು. ಅದರಿಂದ, ಕೆಲಸದ ಜಾಗದಲ್ಲಿ ಇಂಥ ದೂರು ಕೇಳಲು ಸಮಿತಿ ಇರಬೇಕು ಅಂದ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪು ಬಂತು. ಆ ತೀರ್ಪು ಸರಿಯಾಗಿ ಜಾರಿಯೇ ಆಗಲಿಲ್ಲ ಅಂತ ಮತ್ತೆ ಕೋರ್ಟಿಗೆ ಹೋದವರಲ್ಲಿ ನಮ್ಮ ಪುಣೆಯ ‘ಆಲೋಚನಾ’ ಸಂಸ್ಥೆಯ ಮೇಧಾ ಕೋತ್ವಾಲ್ ಲೇಲೆ ಇದ್ದರು. ಆ ಕೇಸಿನ ತೀರ್ಪು ಬಂದದ್ದು 2012ರಲ್ಲಿ, ಮರುವರ್ಷ ಕಾಯ್ದೆ. “ಈ ಕೋಣೆ, ಈ ಕುರ್ಚಿ ಹಾಗೆ ಬಂದದ್ದು. ನೀವು ಯಾರ ಉಪಕಾರ ಕೇಳಲೂ ಇಲ್ಲಿಗೆ ಬಂದಿಲ್ಲ” ಅಂದರು. ಅವರು ಹಿಂದಿಯಲ್ಲಿ ಹೇಳಿದ ಆ ಮಾತನ್ನು ನಾನು ಇವತ್ತಿಗೂ ಕನ್ನಡದಲ್ಲಿ ನೆನಪಿಟ್ಟುಕೊಂಡಿದ್ದೇನೆ.

ಆಮೇಲೆ ಅಧ್ಯಕ್ಷರು ಮುಂದಿನ ದಾರಿ ವಿವರಿಸಿದರು. ಒಂದು, ವಿಚಾರಣೆ. ದೂರಿನ ಪ್ರತಿ ಏಳು ದಿನದೊಳಗೆ ಅವನಿಗೆ ಹೋಗುತ್ತದೆ, ಅವನು ಹತ್ತು ದಿನದೊಳಗೆ ಉತ್ತರ ಕೊಡಬೇಕು. ಸಾಕ್ಷಿ, ಹೇಳಿಕೆ, ಎಲ್ಲಾ ಸೇರಿ ತೊಂಬತ್ತು ದಿನ. ಇನ್ನೊಂದು, ವಿಚಾರಣೆ ಶುರುವಾಗುವ ಮೊದಲು ಸಂಧಾನ. ಕಾಯ್ದೆಯ 10ನೇ ಸೆಕ್ಷನ್. ಇದನ್ನು ಅವರು ತುಂಬಾ ನಿಧಾನಕ್ಕೆ ಹೇಳಿದರು. ಸಂಧಾನ ಬೇಕು ಅಂತ ನಾನೇ ಕೇಳಿಕೊಳ್ಳಬೇಕು. ಸಮಿತಿ ಒತ್ತಾಯಿಸುವಂತಿಲ್ಲ, ಅವನು ಒತ್ತಾಯಿಸುವಂತಿಲ್ಲ. ದುಡ್ಡು ಕೊಟ್ಟು ರಾಜಿ ಮಾಡುವಂತಿಲ್ಲ. ಸಹಿ ಹಾಕುವವರೆಗೆ ಯಾವಾಗ ಬೇಕಾದರೂ “ಸಾಕು, ವಿಚಾರಣೆ ಮಾಡಿ” ಅನ್ನಬಹುದು. ಸಹಿ ಆದ ಮೇಲೆ ಮಾತ್ರ ಆ ವಿಷಯದ ಮೇಲೆ ವಿಚಾರಣೆ ಇಲ್ಲ. ಅವನು ಒಪ್ಪಂದ ಮುರಿದರೆ ಆ ಬಾಗಿಲು ಮತ್ತೆ ತೆರೆಯುತ್ತದೆ.

“ಯಾವುದು ಒಳ್ಳೆಯದು?” ಅಂತ ಕೇಳಿದೆ. ಅವರು ಹೇಳಲಿಲ್ಲ. “ಯೋಚನೆ ಮಾಡಿ ಬನ್ನಿ. ಅಲ್ಲಿಯವರೆಗೆ ಅವನು ನಿಮ್ಮ ಲ್ಯಾಬಿಗೆ ಬರದ ಹಾಗೆ ನಾವು ನೋಡಿಕೊಳ್ಳುತ್ತೇವೆ” ಅಂದರು. ಅವತ್ತು ಸಂಜೆಯೇ ಅವನಿಗೆ ದೂರ ಇರಲು ಲಿಖಿತ ಸೂಚನೆ ಹೋಯಿತು. ಮೊದಲ ಸಲ ಲೈಬ್ರರಿಯಲ್ಲಿ ಒಂಬತ್ತರವರೆಗೆ ಕೂತೆ.

ನಾಲ್ಕು ದಿನ ತಗೊಂಡೆ. ಬೆಳಗ್ಗೆ ವೇತಾಳ ಟೇಕಡಿ ಹತ್ತುತ್ತಿದ್ದೆ. ಪುಣೆಯವರು ಗುಡ್ಡಕ್ಕೆ ಟೇಕಡಿ ಅನ್ನುತ್ತಾರೆ, ತಲೆ ಬಿಸಿಯಾದವರೆಲ್ಲ ಅಲ್ಲೇ ಸಿಗುತ್ತಾರೆ. ಮಳೆಗಾಲ, ಹುಲ್ಲು ಮೊಣಕಾಲುದ್ದ ಬೆಳೆದಿತ್ತು.

ನನ್ನ ತಲೆಯಲ್ಲಿ ಸಣ್ಣವಳಿದ್ದಾಗ ನೋಡಿದ ಒಂದು ಪಂಚಾಯ್ತಿ ಸುತ್ತುತ್ತಿತ್ತು. ನಮ್ಮ ಅತ್ತೆಯ ಸಂಸಾರದ ವಿಷಯ. ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ಸಂಜೆವರೆಗೆ ಗಂಡಸರೇ ಮಾತಾಡಿದರು. ಕೊನೆಗೆ ಅತ್ತೆಯನ್ನು ಕರೆದು “ಹೂಂ ಅನ್ನವಾ” ಅಂದರು. ಅವಳು ಹೂಂ ಅಂದಳು. ರಾಜಿ ಆಯಿತು ಅಂತ ಎಲ್ಲರೂ ಎದ್ದರು. ಕ್ಯಾಬಿನ್ನಿನ ಚಹಾ ನೆನೆದರೆ ಆ ಕಟ್ಟೆಯೇ ನೆನಪಾಗುತ್ತಿತ್ತು. ಇಲ್ಲೂ ಕೊನೆಗೆ ನನ್ನನ್ನು ಕರೆದು ಹೂಂ ಅನ್ನು ಅಂದರೆ?

ಮೂರನೇ ದಿನ ಒಂದು ನೋಟ್‌ಬುಕ್ಕಿನಲ್ಲಿ ನನಗೆ ಏನು ಬೇಕು ಅಂತ ಬರೆದೆ. ಲೈಬ್ರರಿಯ ಮೂಲೆಯ ಮೇಜು. ಭಾನುವಾರದ ರೊಟ್ಟಿ. ಫೋನಿನಲ್ಲಿ ಅವನ ಹೆಸರು ಕಾಣಬಾರದು. ನನ್ನ ಬಗ್ಗೆ ಹೇಳಿದ್ದು ಸುಳ್ಳು ಅಂತ ಅವನೇ ಗುಂಪಿನಲ್ಲಿ ಹೇಳಬೇಕು. ತಾನು ಮಾಡಿದ್ದು ಏನು ಅಂತ ಅವನ ಬಾಯಿಂದ ಬರಬೇಕು. ಬರೆದು ಓದಿ ನೋಡಿದರೆ, ಅವನನ್ನು ಹೊರಗೆ ಹಾಕಬೇಕು ಅನ್ನುವುದು ಪಟ್ಟಿಯಲ್ಲಿ ಇರಲಿಲ್ಲ. ನನಗೇ ಆಶ್ಚರ್ಯ ಆಯಿತು. ಇದ್ದಿದ್ದರೂ ಅದು ತಪ್ಪಲ್ಲ. ಇದ್ದಿದ್ದರೆ ನಾನು ವಿಚಾರಣೆಯನ್ನೇ ಕೇಳುತ್ತಿದ್ದೆ.

ಅಮೆರಿಕದಲ್ಲಿ ಓದುವ ಗೆಳತಿಗೆ ಫೋನ್ ಮಾಡಿದ್ದೆ. ಅಲ್ಲಿ ಶಿಕ್ಷಣದಲ್ಲಿ ಲಿಂಗಭೇದ ತಡೆಯುವ ಟೈಟಲ್ ನೈನ್ ಅಂತ 1972ರ ಕಾನೂನಿದೆ. ಅದರ 2020ರ ನಿಯಮಗಳಲ್ಲಿ ಇಂಥ ಸಂಧಾನಕ್ಕೆ ಇನ್‌ಫಾರ್ಮಲ್ ರೆಸಲ್ಯೂಷನ್ ಅನ್ನುತ್ತಾರಂತೆ. ಇಬ್ಬರೂ ಸ್ವಂತ ಇಚ್ಛೆಯಿಂದ ಬರವಣಿಗೆಯಲ್ಲಿ ಒಪ್ಪಬೇಕು. ಒಪ್ಪಂದ ಆಗುವ ಮೊದಲು ಯಾರು ಬೇಕಾದರೂ ಹಿಂದೆ ಸರಿಯಬಹುದು. ಇನ್ನೊಂದು ಮುಖ್ಯ ಮಾತು ಹೇಳಿದಳು. ಅಧ್ಯಾಪಕರೋ ನೌಕರರೋ ವಿದ್ಯಾರ್ಥಿಗೆ ಕಿರುಕುಳ ಕೊಟ್ಟ ದೂರು ಆಗಿದ್ದರೆ ಅಲ್ಲಿ ಈ ದಾರಿಯೇ ಇಲ್ಲ. ನಮ್ಮ ಕಾಯ್ದೆಯಲ್ಲಿ ಹಾಗೆ ಗೆರೆ ಎಳೆದಿಲ್ಲ. ಎಳೆಯಬೇಕಿತ್ತು ಅಂತ ನನಗೆ ಅನಿಸುತ್ತದೆ. ಮಾರ್ಕು ಹಾಕುವವರ ಎದುರು, ಥೀಸಿಸ್‌ಗೆ ಸಹಿ ಹಾಕುವವರ ಎದುರು ಕೂತು ‘ಸ್ವಂತ ಇಚ್ಛೆ’ ಅನ್ನುವುದಕ್ಕೆ ಏನರ್ಥ? ನನ್ನ ವಿಷಯದಲ್ಲಿ ಅವನು ವಿದ್ಯಾರ್ಥಿ, ನನ್ನ ಗೈಡ್ ಬೇರೆ, ಅವನ ಗೈಡ್ ಬೇರೆ. ಹಾಗಿದ್ದಕ್ಕೇ ನನಗೆ ಧೈರ್ಯ ಬಂತು.

ಅದೇ ವಾರ ಊರಿನಲ್ಲಿ ಇನ್ನೊಂದು ನಡೆಯಿತು. ಅವನ ಸೋದರಮಾವ ಅಪ್ಪನಿಗೆ ಫೋನ್ ಮಾಡಿ, ಮಗಳ ಹಾಸ್ಟೆಲ್ ಖರ್ಚು ನಾವು ನೋಡಿಕೊಳ್ಳುತ್ತೇವೆ, ಕೇಸು ಬೇಡ ಅಂದರಂತೆ. ಅಲ್ಲಿಯವರೆಗೆ ಅಪ್ಪ “ಬಿಟ್ಟು ಮನಿಗೆ ಬಾ” ಅನ್ನುತ್ತಿದ್ದವರು. ಅವತ್ತು ರಾತ್ರಿ ಫೋನಿನಲ್ಲಿ ಅವರ ದನಿಯೇ ಬೇರೆ ಇತ್ತು. “ನೀ ಏನ್ ಮಾಡ್ಬೇಕಂತಿ ಅದನ್ನ ಮಾಡು. ನಾ ಯಾರ ಕಡಿಂದನೂ ರೊಕ್ಕ ತಗೊಳ್ಳಂಗಿಲ್ಲ” ಅಂದರು. ಈ ಫೋನ್ ವಿಷಯವನ್ನು ಸಮಿತಿಗೆ ಬರೆದು ಕೊಟ್ಟೆ. ಮನೆಯವರ ಮೂಲಕ ಒತ್ತಡ ತರಬಾರದು ಅಂತ ಅವನಿಗೆ ಇನ್ನೊಂದು ಸೂಚನೆ ಹೋಯಿತು.

ಐದನೇ ದಿನ ಸಂಧಾನ ಬೇಕು ಅಂತ ಬರೆದು ಕೊಟ್ಟೆ. ಒಂದು ಷರತ್ತು ಹಾಕಿದೆ. ನಾನು ಹೇಳುವವರೆಗೆ ಅವನೂ ನಾನೂ ಒಂದೇ ಕೋಣೆಯಲ್ಲಿ ಕೂರುವುದಿಲ್ಲ.

ಮೊದಲ ಅಡ್ಡಿ ಭಾಷೆಯದು. ಸಮಿತಿಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಮೆಸೇಜುಗಳನ್ನು ನಾನೇ ಇಂಗ್ಲಿಷಿಗೆ ಮಾಡಿ ಕೊಟ್ಟಿದ್ದೆ. ಓದಿದರೆ ಏನೂ ಅನಿಸುತ್ತಿರಲಿಲ್ಲ. “ನಿನ್ನ ಸೊಕ್ಕು ಇಳಸ್ತೀನಿ” ಅನ್ನುವುದು ಇಂಗ್ಲಿಷಿನಲ್ಲಿ ಯಾವುದೋ ಸಿನಿಮಾ ಡೈಲಾಗ್ ಆಗಿಬಿಟ್ಟಿತ್ತು. ಒಬ್ಬ ಸದಸ್ಯರು “ಇದು ಗೆಳೆಯರ ನಡುವಿನ ಮಾತಲ್ಲವೇ?” ಅಂತ ಪ್ರಾಮಾಣಿಕವಾಗಿಯೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸೊಕ್ಕು ಅನ್ನುವ ಪದವನ್ನು ನಮ್ಮ ಕಡೆ ಯಾರಿಗೆ, ಯಾವಾಗ, ಯಾವ ದನಿಯಲ್ಲಿ ಅನ್ನುತ್ತಾರೆ ಅಂತ ಹೇಗೆ ಹೇಳುವುದು? ಮುಂದಿನ ಸಲ ಬೇರೆ ವಿಭಾಗದಿಂದ ಕನ್ನಡ ಬಲ್ಲ ಒಬ್ಬ ಮೇಡಂ ಬಂದರು. ಗುಟ್ಟು ಕಾಯುವ ಕಾಗದಕ್ಕೆ ಸಹಿ ಹಾಕಿದರು. ಅವನೂ ಒಪ್ಪಿದ್ದ. ಅವರು ವಿಜಯಪುರದ ಕಡೆಯವರು. ಮೊದಲ ಹಾಳೆ ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿ “ಎಷ್ಟು ದಿನ ಸಹಿಸ್ಕೊಂಡಿ ಇದನ್ನ?” ಅಂದರು. ನಾನು ಅತ್ತದ್ದು ಆವಾಗಲೇ. ಎರಡು ತಿಂಗಳಿಂದ ತಡೆದಿಟ್ಟದ್ದು ಕನ್ನಡದಲ್ಲಿ ಕೇಳಿದ ಒಂದೇ ಪ್ರಶ್ನೆಗೆ ಹೊರಗೆ ಬಂತು.

ಮೂರು ಸಲ ಸೇರಿದೆವು. ಉದ್ದ ಕಾರಿಡಾರಿನ ಆ ತುದಿಯ ಕೋಣೆಯಲ್ಲಿ ಅವನು, ಈ ತುದಿಯಲ್ಲಿ ನಾನು. ಅಧ್ಯಕ್ಷರೂ ಮೇಡಮ್ಮೂ ನಡುವೆ ಓಡಾಡುತ್ತಿದ್ದರು. ಅವರ ಚಪ್ಪಲಿ ಸದ್ದು ಹತ್ತಿರ ಬಂದಂತೆ ಹೊಟ್ಟೆಯಲ್ಲಿ ಸಂಕಟ. ಮೊದಲ ದಿನ ಅವನು ಏನೂ ಆಗಿಲ್ಲ ಅಂದ. ಎರಡನೇ ದಿನ ತಮಾಷೆಗೆ ಹೇಳಿದ್ದು ಅಂದ. ಆಗ ಮೇಡಂ ಅವನ ಮೆಸೇಜುಗಳನ್ನು ಅವನ ಎದುರಿಗೇ ಕನ್ನಡದಲ್ಲಿ, ಗಟ್ಟಿಯಾಗಿ, ಒಂದೊಂದಾಗಿ ಓದಿದರಂತೆ. ದಿನಾಂಕ, ಗಂಟೆ ಸಮೇತ. ಹತ್ತೋ ಹನ್ನೆರಡೋ ಆಗುವಷ್ಟರಲ್ಲಿ ಅವನು “ಸಾಕು ಮೇಡಂ” ಅಂದನಂತೆ. ಅವ್ವನ ವಯಸ್ಸಿನ ಹೆಂಗಸಿನ ಬಾಯಲ್ಲಿ ತನ್ನ ಮಾತು ಕೇಳುವುದು ಅವನಿಂದ ಆಗಲಿಲ್ಲ. ಇದನ್ನು ಅಧ್ಯಕ್ಷರು ನನಗೆ ಬಂದು ಹೇಳಿದಾಗ ನಾನು ಏನೂ ಅನ್ನಲಿಲ್ಲ. ಕಿಟಕಿಯ ಹೊರಗೆ ಮಳೆ ಬರುತ್ತಿತ್ತು, ಅದನ್ನೇ ನೋಡುತ್ತಾ ಕೂತೆ.

ಕ್ಷಮೆಯ ಪತ್ರ ಮೂರು ಸಲ ಬಂತು. ಮೊದಲನೆಯದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಯಾವುದೋ ಕಂಪನಿ ಗ್ರಾಹಕರಿಗೆ ಕಳಿಸುವ ಕಾಗದದ ಹಾಗಿತ್ತು. ವಾಪಸ್ ಕಳಿಸಿದೆ. ಮಾಡಿದ್ದೆಲ್ಲ ಕನ್ನಡದಲ್ಲಿ, ಕ್ಷಮೆಯೂ ಕನ್ನಡದಲ್ಲೇ ಬರಲಿ ಅಂದೆ. ಎರಡನೆಯದು ಕನ್ನಡದಲ್ಲಿ ಬಂತು. “ನನ್ನ ಮಾತಿನಿಂದ ನಿನಗೆ ನೋವಾಗಿದ್ದರೆ ಕ್ಷಮಿಸು.” ಓದಿದೆ. ಮತ್ತೆ ಓದಿದೆ. ಮೇಡಂ ಕಡೆ ತಿರುಗಿ, “ಆ ‘ದ್ದರೆ’ ತೆಗೆಸಿ” ಅಂದೆ.

ಅಧ್ಯಕ್ಷರಿಗೆ ಅರ್ಥ ಆಗಲಿಲ್ಲ. ಮೇಡಂ ಅವರಿಗೆ ವಿವರಿಸಿದರು. ನೋವಾಗಿದ್ದರೆ ಅಂದರೆ ಆಗಿರಲೂಬಹುದು, ಆಗದೇ ಇರಲೂಬಹುದು. ಆಗಿದ್ದರೆ ಅದು ಅವಳ ಮನಸ್ಸಿನ ವಿಷಯ. ಅವನು ಮಾಡಿದ್ದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಅಧ್ಯಕ್ಷರು ತಲೆಯಾಡಿಸಿ ಎದ್ದರು. ಅವತ್ತು ಅವರು ಆ ಕಾರಿಡಾರಿನಲ್ಲಿ ನಾಲ್ಕು ಸಲ ಓಡಾಡಿದರು. ಎರಡು ಅಕ್ಷರಕ್ಕೆ ಇಷ್ಟು ಹಟ ಬೇಕಾ ಅಂತ ಅವರು ಒಮ್ಮೆಯೂ ಕೇಳಲಿಲ್ಲ. ಅದಕ್ಕೆ ನಾನು ಅವರಿಗೆ ಬದುಕಿರುವವರೆಗೆ ಋಣಿ.

ಮೂರನೆಯದು ಕೈಬರಹದಲ್ಲಿತ್ತು. ಬೇಡ ಅಂದ ಮೇಲೂ ಮೆಸೇಜ್ ಕಳಿಸಿದೆ. ಲೈಬ್ರರಿ ಹೊರಗೆ ನಿಂತು ಹೆದರಿಸಿದೆ. ಗುಂಪಿನಲ್ಲಿ ನಿನ್ನ ಬಗ್ಗೆ ಸುಳ್ಳು ಹೇಳಿದೆ. ಇವೆಲ್ಲ ನಾನು ಮಾಡಿದ್ದು, ತಪ್ಪು. ಹೆಚ್ಚುಕಡಿಮೆ ಇಷ್ಟೇ. ಅಕ್ಷರ ಸೊಟ್ಟ ಇತ್ತು. ನನಗೆ ಸಾಕೆನಿಸಿತು.

ಒಪ್ಪಂದದ ಅಂಶಗಳು ಬಹಳ ಇರಲಿಲ್ಲ. ಮೆಸೇಜ್, ಫೋನ್ ಇಲ್ಲ, ಬೇರೆಯವರ ಮೂಲಕವೂ ಇಲ್ಲ. ನನ್ನ ಲ್ಯಾಬಿಗೆ ಬರುವುದಿಲ್ಲ. ಸಂಜೆ ಆರರ ನಂತರ ನಮ್ಮ ಲೈಬ್ರರಿ ಬಿಟ್ಟು ಬೇರೆ ರೀಡಿಂಗ್ ರೂಮ್ ಬಳಸುತ್ತಾನೆ. ಕನ್ನಡ ಗುಂಪಿನಲ್ಲಿ ತಾನು ಹೇಳಿದ್ದು ಸುಳ್ಳು ಅಂತ ಬರೆದು ಗುಂಪು ಬಿಡುತ್ತಾನೆ, ಒಂದು ವರ್ಷ ಭಾನುವಾರದ ಕೂಟಕ್ಕೆ ಬರುವುದಿಲ್ಲ. ಕೌನ್ಸೆಲರ್ ಹತ್ತಿರ ಎಂಟು ಸಲ ಹೋಗುತ್ತಾನೆ, ಹೋದ ದಾಖಲೆ ಸಮಿತಿಗೆ ಕೊಡುತ್ತಾನೆ. ಮೂರು ತಿಂಗಳಿಗೊಮ್ಮೆ ಸಮಿತಿ ನನ್ನನ್ನು ಕೇಳುತ್ತದೆ.

ಸಹಿಗೆ ಕಾಗದ ಮುಂದಿಟ್ಟಾಗ ಅಧ್ಯಕ್ಷರು ಪೆನ್ನು ಕೊಡಲಿಲ್ಲ. “ಇವತ್ತು ಮನೆಗೆ ತಗೊಂಡು ಹೋಗಿ ಓದಿ” ಅಂದರು. ಆ ರಾತ್ರಿ ನನಗೆ ಸಿಟ್ಟು ಬಂತು. ಇಷ್ಟು ದಿನ ಇಲ್ಲದ ಸಿಟ್ಟು. ಇವನು ಇಷ್ಟಕ್ಕೇ ಬಚಾವಾಗುತ್ತಾನಾ ಅನಿಸಿತು. ಹರಿದು ಹಾಕಿ ವಿಚಾರಣೆ ಕೇಳಲಾ ಅಂತ ಎರಡು ಗಂಟೆವರೆಗೆ ಎದ್ದಿದ್ದೆ. ಕೇಳಬಹುದಿತ್ತು. ಕೇಳಬಹುದು ಅನ್ನುವುದು ಗೊತ್ತಿದ್ದಕ್ಕೇ ನಿದ್ದೆ ಬಂತು ಅಂತ ಈಗ ಅನಿಸುತ್ತದೆ. ಬೆಳಗ್ಗೆ ನೋಟ್‌ಬುಕ್ಕಿನ ಪಟ್ಟಿ ತೆಗೆದು ಒಪ್ಪಂದದ ಪಕ್ಕ ಇಟ್ಟು ಹೋಲಿಸಿದೆ. ಎಲ್ಲಾ ಇತ್ತು. ಹೋಗಿ ಸಹಿ ಹಾಕಿದೆ. ಒಂದು ಪ್ರತಿ ನನಗೆ, ಒಂದು ಅವನಿಗೆ, ಒಂದು ವಿಶ್ವವಿದ್ಯಾಲಯಕ್ಕೆ.

ಎರಡು ತಿಂಗಳಾದ ಮೇಲೆ ಗುಂಪಿನ ಒಬ್ಬ ಹುಡುಗ ಮೆಸೇಜ್ ಕಳಿಸಿದ. “ಅವನು ತುಂಬಾ ಕುಗ್ಗಿದ್ದಾನೆ, ಒಮ್ಮೆ ಮಾತಾಡು.” ಮೊದಲಿನ ನಾನಾಗಿದ್ದರೆ ಕರಗುತ್ತಿದ್ದೆನೋ ಏನೋ. ಆ ಮೆಸೇಜನ್ನು ಹಾಗೇ ಸಮಿತಿಗೆ ಕಳಿಸಿದೆ. ಬೇರೆಯವರ ಮೂಲಕವೂ ಇಲ್ಲ ಅಂತ ಒಪ್ಪಿದ್ದೆವಲ್ಲ. ಮರುದಿನ ಅವನನ್ನು ಕರೆಸಿದರು. ಇದು ಮತ್ತೆ ಆದರೆ ಒಪ್ಪಂದ ಮುರಿದ ಹಾಗೆ, ವಿಚಾರಣೆ ಶುರುವಾಗುತ್ತದೆ ಅಂತ ಬರೆದು ಕೊಟ್ಟರು. ಆಮೇಲೆ ಇವತ್ತಿನವರೆಗೆ ಏನೂ ಬಂದಿಲ್ಲ.

ನೀನು ಅವನನ್ನು ಸುಮ್ನೆ ಬಿಟ್ಟೆ ಅಂದವರಿದ್ದಾರೆ. ಅವರಲ್ಲಿ ನಾನು ಪ್ರೀತಿಸುವವರೂ ಇದ್ದಾರೆ. ವಿಶ್ವವಿದ್ಯಾಲಯಗಳಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2016ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ, ಬರೀ ಶಿಕ್ಷೆಗಿಂತ ನೊಂದವಳಿಗೆ ಪೂರ್ತಿ ಸಮಾಧಾನ ಆಗುವ ಹಾಗೆ ಬಗೆಹರಿಸುವುದು, ಅದು ಆಗುವುದಿದ್ದರೆ, ಮೇಲು ಎಂಬ ಅರ್ಥದ ಮಾತಿದೆ. ಅದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ‘ಪೂರ್ತಿ’ ಅನ್ನುವ ಮಾತು. ಮೈಮೇಲೆ ಕೈ ಮಾಡಿದ್ದರೆ ನಾನು ಈ ಕೋಣೆಗೆ ಬರುತ್ತಿರಲಿಲ್ಲ, ಪೊಲೀಸ್ ಠಾಣೆಗೆ ಹೋಗುತ್ತಿದ್ದೆ. ಅವನು ನನ್ನ ಗೈಡ್ ಆಗಿದ್ದರೂ ಬರುತ್ತಿರಲಿಲ್ಲ. ಫೋನ್ ಮಾಡಿದ ಹುಡುಗಿಗೂ ಮೊದಲು ಇದನ್ನೇ ಕೇಳಿದೆ: ಯಾರು, ಏನು ಮಾಡಿದರು? ಸಂಧಾನ ಅನ್ನುವ ಮಾತು ಮೊದಲು ಯಾರ ಬಾಯಿಂದ ಬಂತು? ಅವಳು ಸ್ವಲ್ಪ ತಡೆದು, “ನಮ್ಮ ಎಚ್‌ಒಡಿ ಹೇಳಿದ್ರು” ಅಂದಳು. ಹಾಗಾದರೆ ಅದು ಇನ್ನೂ ನಿನ್ನ ಮಾತಲ್ಲ, ನಾಳೆ ಸೀದಾ ಸಮಿತಿಯ ಅಧ್ಯಕ್ಷರ ಹತ್ತಿರ ಹೋಗು, ಎರಡೂ ದಾರಿ ಕೇಳಿಸಿಕೋ, ನಿನಗೆ ಬೇಕಾದಷ್ಟು ದಿನ ತಗೋ ಅಂದೆ. ಒಬ್ಬಳೇ ಹೋಗಲು ಭಯ ಅಂದಳು. ಬಾಗಿಲವರೆಗೆ ನಾನು ಬರುತ್ತೇನೆ ಅಂದಿದ್ದೇನೆ.

ಆ ವರ್ಷ ನವೆಂಬರ್ 1ಕ್ಕೆ ರಾಜ್ಯೋತ್ಸವದ ಊಟ ನನ್ನ ರೂಮಿನಲ್ಲೇ ಇಟ್ಟಿದ್ದೆವು. ಹದಿನಾಲ್ಕು ಜನ ಬಂದರು. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಮೇಡಂ ಕೂಡ ಬಂದರು, ಬರುವಾಗ ವಿಜಯಪುರದಿಂದ ತರಿಸಿದ ಜೋಳದ ಹಿಟ್ಟು ತಂದಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದಾಗ ಸಮಿತಿಯ ಮೊದಲ ಮೇಲ್ ಬಂತು. ಒಪ್ಪಂದದ ಎಲ್ಲಾ ಅಂಶಗಳು ಪಾಲನೆ ಆಗುತ್ತಿವೆಯೇ? ಹಿಟ್ಟಿನ ಕೈ ಒರೆಸಿಕೊಂಡು ‘ಹೌದು’ ಅಂತ ಒಂದೇ ಪದ ಬರೆದೆ. ಒಳಗಿನಿಂದ ಯಾರೋ “ರೊಟ್ಟಿ ಸೀದು ಹೋಗಾಕತ್ತೈತಿ!” ಅಂತ ಕೂಗಿದರು. ಓಡಿ ಹೋಗಿ ಮಗುಚಿದೆ.